ನಷ್ಟರಹಿತ ಸಂಗೀತ, ಹೆಸರಿಲ್ಲದ ಕವಿ

ಹೈದರಾಬಾದಿನಲ್ಲಿ ನಾಲ್ಕು ಜನ ಕನ್ನಡಿಗರು ಒಂದೆಡೆ ಸೇರಿದರೆ ಮೊದಲು ಊರಿನ ಮಳೆಯ ಮಾತು, ಆಮೇಲೆ ಮಕ್ಕಳ ಪರೀಕ್ಷೆಯ ಮಾತು. ಇತ್ತೀಚೆಗೆ ಮೂರನೆಯದಾಗಿ ‘ಲಾಸ್‌ಲೆಸ್’ ಸಂಗೀತದ ಮಾತು. ಯಾವ ಸೇವೆಗೆ ಚಂದಾ ಕಟ್ಟಬೇಕು, ಯಾವುದರಲ್ಲಿ ಧ್ವನಿ ‘ಪೂರ್ತಿಯಾಗಿ’ ಬರುತ್ತದೆ, ಅದಕ್ಕೆ ಎಂಥ ಹೆಡ್‌ಫೋನ್ ಬೇಕು ಎಂದು ಸಾಹಿತ್ಯದ ಗೆಳೆಯರೇ ಎರಡು ಬಣವಾಗಿ ನಿಂತು ವಾದಿಸುವುದನ್ನು ಕೇಳಿದ್ದೇನೆ. ಒಂದು ಬಣಕ್ಕೆ ದುಬಾರಿ ಚಂದಾ ಬೇಕು, ಇನ್ನೊಂದಕ್ಕೆ ಅಗ್ಗದ್ದೇ ಸಾಕು. ನನ್ನ ತಕರಾರು ಎರಡೂ ಬಣಗಳ ಮೇಲಿದೆ. ಕನ್ನಡ ಹಾಡಿನಲ್ಲಿ ಈ ಸೇವೆಗಳು ಕಳೆಯುತ್ತಿರುವುದನ್ನು ಧ್ವನಿಯ ಅಳತೆಗೋಲಿನಿಂದ ಅಳೆಯಲು ಬರುವುದಿಲ್ಲ; ಅಳೆಯಬೇಕಾದ ಕಡೆ ಎರಡು ಬಣದವರೂ ನೋಡುತ್ತಿಲ್ಲ.

ಮೊದಲು ಧ್ವನಿಯ ಲೆಕ್ಕವನ್ನು ಮುಗಿಸಿಬಿಡೋಣ. ಸಿ.ಡಿ.ಯ ಮೇಲಿನ ಸಂಗೀತವೆಂದರೆ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಟ್ಟ ಅಂಕಿಗಳು. ಎರಡು ವಾಹಿನಿಗಳಿಗೆ ಸೇರಿ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ನಾಲ್ಕು ನಿಮಿಷದ ಹಾಡು ಹೀಗೆ 42 ಎಂ.ಬಿ.ಯಷ್ಟಾಗುತ್ತದೆ. ಫ್ಲ್ಯಾಕ್, ಅಲ್ಯಾಕ್ ಎಂಬ ವಿಧಾನಗಳು ಇದನ್ನು 25 ಎಂ.ಬಿ. ಆಸುಪಾಸಿಗೆ ಮಡಚಿಡುತ್ತವೆ, ಬಿಚ್ಚಿದಾಗ ಒಂದು ಅಂಕಿಯೂ ವ್ಯತ್ಯಾಸವಾಗದೆ ಮೂಲವೇ ಮರಳಿ ಸಿಗುತ್ತದೆ. ‘ನಷ್ಟರಹಿತ’ ಎಂಬುದರ ಶಾಸ್ತ್ರೀಯ ಅರ್ಥ ಇಷ್ಟೇ: ಮಡಚಿದ್ದರಿಂದ ಮೂಲವನ್ನು ಯಥಾವತ್ತಾಗಿ ಮರಳಿ ಕಟ್ಟಲು ಬರಬೇಕು. ಈ ವ್ಯಾಖ್ಯೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಮುಂದೆ ಬೇಕಾಗುತ್ತದೆ. ಎಂಪಿ3 ಮತ್ತು ಎಎಸಿ ಹಾಗಲ್ಲ. ಅವು ಒಂದಷ್ಟನ್ನು ಎಸೆದುಬಿಡುತ್ತವೆ, ಎಸೆದದ್ದು ತಿರುಗಿ ಬರುವುದಿಲ್ಲ.

ಆಪಲ್ ಮ್ಯೂಸಿಕ್ 2021ರಲ್ಲಿ ಹೆಚ್ಚುವರಿ ಶುಲ್ಕವಿಲ್ಲದೆ ನಷ್ಟರಹಿತ ಧ್ವನಿಯನ್ನು ಕೊಡಲಾರಂಭಿಸಿತು. ಅದೇ ವರ್ಷ ಫೆಬ್ರವರಿಯಲ್ಲಿ ಸ್ಪಾಟಿಫೈ ಕೂಡ ಕೊಡುತ್ತೇನೆಂದು ಸಾರಿ, ಕೊಟ್ಟದ್ದು 2025ರಲ್ಲಿ; ಭಾರತದಲ್ಲಿ ಅದನ್ನು ತನ್ನ ದುಬಾರಿ ಚಂದಾಕ್ಕೆ ಜೋಡಿಸಿತು. ಇವೆಲ್ಲ ಸರಿ. ಆದರೆ ನಮ್ಮಲ್ಲಿ ಬಹುಮಂದಿ ಹಾಡು ಕೇಳುವುದು ಮಿಯಾಪುರದಿಂದ ಎಲ್.ಬಿ. ನಗರಕ್ಕೆ ಹೋಗುವ ಮೆಟ್ರೊದಲ್ಲಿ, ತಂತಿಯಿಲ್ಲದ ಇಯರ್‌ಫೋನಿನಲ್ಲಿ. ಐಫೋನಿನಿಂದ ಬ್ಲೂಟೂತ್ ಮೂಲಕ ಹೊರಡುವ ಧ್ವನಿ ಎಎಸಿಗೆ ಇಳಿದೇ ಕಿವಿ ಸೇರುತ್ತದೆ. ಸೋನಿಯ ಎಲ್‌ಡಿಎಸಿ ಕೂಡ ಸೆಕೆಂಡಿಗೆ 990 ಕಿಲೋಬಿಟ್‌ಗೆ ನಿಂತುಬಿಡುತ್ತದೆ. ನಷ್ಟರಹಿತಕ್ಕೆ ದುಡ್ಡು ಕೊಟ್ಟು, ಕೊನೆಯ ಎರಡು ಅಡಿಯ ದಾರಿಯಲ್ಲಿ ನಷ್ಟವನ್ನು ನಾವೇ ಕೊಂಡುಕೊಳ್ಳುವ ವ್ಯಾಪಾರವಿದು. ಇನ್ನು ಸಿ.ಡಿ. ಮಟ್ಟಕ್ಕಿಂತ ಮೇಲಿನ 192 ಕಿಲೋಹರ್ಟ್ಸ್‌ನ ಆಕರ್ಷಣೆ. ಇ. ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಎಂಬವರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೆಚ್ಚಿನ ಗುಣಮಟ್ಟದ ಧ್ವನಿಯನ್ನು ಸಿ.ಡಿ. ಮಟ್ಟಕ್ಕೆ ಇಳಿಸಿ ಕೇಳಿಸಿದಾಗ, ನುರಿತ ಕೇಳುಗರೂ ವ್ಯತ್ಯಾಸವನ್ನು ಊಹೆಗಿಂತ ಹೆಚ್ಚು ನಿಖರವಾಗಿ ಹೇಳಲಾಗಲಿಲ್ಲ. ನಲವತ್ತು ದಾಟಿದ ನನ್ನಂಥವರ ಕಿವಿಗೆ 20 ಕಿಲೋಹರ್ಟ್ಸ್ ಎಂದೋ ಕೈಬಿಟ್ಟುಹೋದ ಸೀಮೆ.

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ನ್ಯಾಯವಾದ ಮಾತೊಂದಿದೆ. ತಂಬೂರಿಯ ಜೀವಾಳಿ, ತಾಳದ ಕಂಚಿನ ಅನುರಣನ, ಮಲ್ಲಿಕಾರ್ಜುನ ಮನಸೂರರ ಒಂದು ಸ್ವರದ ಅಂಚು ಇನ್ನೊಂದಕ್ಕೆ ತಾಗುವ ಕ್ಷಣ, ಇವು 96 ಕಿಲೋಬಿಟ್‌ನ ಹರಿವಿನಲ್ಲಿ ಕೆಡುತ್ತವೆ. ಒಪ್ಪಿದೆ. ಸಂಗ್ರಹಕ್ಕೆ, ಮುಂದಿನ ಪೀಳಿಗೆಗೆ ಕಾಪಿಡಲು, ನಷ್ಟರಹಿತ ರೂಪವೇ ಸರಿ ಎಂಬುದರಲ್ಲೂ ಎರಡು ಮಾತಿಲ್ಲ. ಆದರೆ ಕನ್ನಡದ ಭಾವಗೀತೆಗಳಲ್ಲಿ ಬಹುಭಾಗ ನಮಗೆ ಬಂದದ್ದು ಧ್ವನಿಸುರುಳಿಯ ಕಾಲದಲ್ಲಿ. ಸುರುಳಿಯಿಂದಲೇ ಎತ್ತಿಕೊಂಡ ಹಾಡನ್ನು ನಷ್ಟರಹಿತವಾಗಿ ಕೊಟ್ಟರೆ ಸುರುಳಿಯ ಸುಯ್ಯೆನ್ನುವ ಸದ್ದೂ ಪರಮ ನಿಷ್ಠೆಯಿಂದ ನಮ್ಮ ಮನೆಗೆ ಬರುತ್ತದೆ. ಹಳೆಯ ಎಂಪಿ3ಯನ್ನು ಫ್ಲ್ಯಾಕ್‌ನ ಲಕೋಟೆಗೆ ಹಾಕಿ ಕಳಿಸಿದರೂ ಮೇಲಿನ ಚೀಟಿ ‘ಲಾಸ್‌ಲೆಸ್’ ಎಂದೇ ಹೇಳುತ್ತದೆ. ಚೀಟಿ ಕೊನೆಯ ಮಡಿಕೆಯ ಬಗ್ಗೆ ಮಾತ್ರ ಪ್ರಮಾಣ ಮಾಡುತ್ತದೆ, ಅದಕ್ಕೂ ಹಿಂದಿನ ಚರಿತ್ರೆಯ ಬಗ್ಗೆ ಅಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಟ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಸಂಗಡಿಗರು ಎಂಪಿ3ಯನ್ನು ರೂಪಿಸಿದಾಗ ಅದರ ಬುನಾದಿಯಲ್ಲಿದ್ದದ್ದು ಮನುಷ್ಯನ ಕಿವಿಯ ಒಂದು ಮಾದರಿ. ಜೋರಾದ ಸದ್ದಿನ ಪಕ್ಕದಲ್ಲಿರುವ ಮೆಲುಸದ್ದು ಕಿವಿಗೆ ಕೇಳುವುದಿಲ್ಲ. ಕೇಳದ್ದನ್ನು ಹೊತ್ತು ಸಾಗಿಸುವುದೇಕೆ, ಬಿಟ್ಟುಬಿಡೋಣ ಎಂಬ ತರ್ಕ. ಅಂದರೆ ನಷ್ಟವೆಂಬುದು ಇಲ್ಲಿ ಅಜಾಗರೂಕತೆಯಿಂದ ಆದದ್ದಲ್ಲ, ಕೇಳುಗ ಇಂಥವನು, ಇವನಿಗೆ ಇದು ಇಲ್ಲದಿದ್ದರೂ ನಡೆಯುತ್ತದೆ ಎಂದು ಯಾರೋ ಕುಳಿತು ಮಾಡಿದ ತೀರ್ಮಾನ. ಆ ತೀರ್ಮಾನ ಪ್ರಯೋಗಗಳಿಂದ ಪರೀಕ್ಷಿಸಲ್ಪಟ್ಟಿತು, ತಿದ್ದಲ್ಪಟ್ಟಿತು; ಸೂಸನ್ ವೇಗಾ ಅವರ ಬರಿಕಂಠದ ಹಾಡೊಂದನ್ನು ಮತ್ತೆಮತ್ತೆ ಕೇಳಿ ದೋಷಗಳನ್ನು ಸರಿಪಡಿಸಿದ ಕತೆ ಪ್ರಸಿದ್ಧವಾಗಿದೆ. ಸಂಗೀತ ಸೇವೆಗಳು ಕನ್ನಡದ ಹಾಡಿನ ಬಗ್ಗೆಯೂ ಹೀಗೆಯೇ ಒಂದು ತೀರ್ಮಾನ ಮಾಡಿವೆ, ಆದರೆ ಯಾವ ಪರೀಕ್ಷೆಯೂ ಇಲ್ಲದೆ. ಈ ಕೇಳುಗನಿಗೆ ಕವಿಯ ಹೆಸರು ಬೇಕಿಲ್ಲ ಎಂಬುದೇ ಆ ತೀರ್ಮಾನ.

ಯಾವುದಾದರೂ ಭಾವಗೀತೆಯನ್ನು ತೆರೆದು ನೋಡಿ. ‘ಕಲಾವಿದ’ ಎಂಬ ಜಾಗದಲ್ಲಿ ಒಮ್ಮೆ ಗಾಯಕರ ಹೆಸರು, ಒಮ್ಮೆ ರಾಗ ಹಾಕಿದವರ ಹೆಸರು, ಒಮ್ಮೆ ‘ವಿವಿಧ ಕಲಾವಿದರು’ ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳು. ವಿವರದ ಕಿಂಡಿಯನ್ನು ಒತ್ತಿದರೆ ಸಿನಿಮಾ ಹಾಡಿಗಾದರೆ ಬರೆದವರ ಹೆಸರು ಸಾಮಾನ್ಯವಾಗಿ ಸಿಗುತ್ತದೆ. ಭಾವಗೀತೆಗೆ ಎಷ್ಟೋ ಸಲ ಆ ಜಾಗ ಖಾಲಿ, ಇಲ್ಲವೆ ರಾಗಸಂಯೋಜಕರನ್ನೇ ರಚನಕಾರರೆಂದು ನಮೂದಿಸಿರುತ್ತಾರೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಒಂದು ದಿನ, “ಅಪ್ಪಾ, ಅಶ್ವಥ್ ಇಷ್ಟೆಲ್ಲ ಬರೆದಿದ್ದಾರಲ್ಲ, ಅವರಿಗೆ ಜ್ಞಾನಪೀಠ ಯಾಕೆ ಬರಲಿಲ್ಲ?” ಎಂದು ಕೇಳಿದಳು. ಸಿ. ಅಶ್ವಥ್ ಅವರ ಮೇಲಿನ ಗೌರವಕ್ಕೆ ಇದರಿಂದ ಕುಂದಿಲ್ಲ, ಅವರಿದ್ದಿದ್ದರೆ ಮೊದಲು ನಗುತ್ತಿದ್ದವರು ಅವರೇ. ಆದರೆ ಹುಡುಗಿಯ ತರ್ಕದಲ್ಲಿ ಲೋಪವಿಲ್ಲ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಬೆಳೆಯುವ ಮಗುವಿಗೆ ಶಾಲೆಯ ಪಠ್ಯದಲ್ಲಿ ಅದೇ ಪದ್ಯ ಕವಿಯ ಹೆಸರಿನೊಂದಿಗೆ ಎದುರಾಗುತ್ತದೆ. ತೆಲುಗು, ಹಿಂದಿ, ಇಂಗ್ಲಿಷ್ ಓದಿ ಬೆಳೆಯುವ ನಮ್ಮ ಮಕ್ಕಳಿಗೆ ಹಾಡೇ ಪಠ್ಯ, ಫೋನಿನ ಪರದೆಯೇ ಪುಸ್ತಕದ ರಕ್ಷಾಪುಟ. ಅಲ್ಲಿ ಇಲ್ಲದ್ದು ಅವರ ಪಾಲಿಗೆ ಎಲ್ಲಿಯೂ ಇಲ್ಲ.

ಹೆಸರು ಇದ್ದಾಗಲೂ ಅದರ ಅವಸ್ಥೆ ನೋಡಬೇಕು. ಕನ್ನಡದ ಹೆಸರುಗಳು ಬಹುಪಾಲು ರೋಮನ್ ಲಿಪಿಯಲ್ಲಿವೆ. ಮೇಲೆ ಹೇಳಿದ ವ್ಯಾಖ್ಯೆಯನ್ನು ಇಲ್ಲಿಗೆ ಅನ್ವಯಿಸಿ: ಮಡಚಿದ್ದರಿಂದ ಮೂಲವನ್ನು ಮರಳಿ ಕಟ್ಟಲು ಬರಬೇಕು. ಕೆ, ಎ, ಎಲ್, ಐ ಎಂಬ ನಾಲ್ಕು ರೋಮನ್ ಅಕ್ಷರಗಳನ್ನು ಬಿಚ್ಚಿದರೆ ನಿಮಗೆ ಸಿಗುವುದು ಕಲಿಯೋ, ಕಳಿಯೋ, ಕಾಳಿಯೋ, ಕಾಲಿಯೋ? ಲ ಮತ್ತು ಳ, ನ ಮತ್ತು ಣ, ತ ಮತ್ತು ಟ, ಹ್ರಸ್ವ ಮತ್ತು ದೀರ್ಘ, ಎಲ್ಲವನ್ನೂ ಒಂದೇ ಗುಂಡಿಗೆ ಸುರಿದ ಮೇಲೆ ವಿಂಗಡಿಸಲು ಭಾಷೆ ಮೊದಲೇ ತಿಳಿದವರಿಗೆ ಮಾತ್ರ ಸಾಧ್ಯ. ಇದಕ್ಕಿಂತ ನಷ್ಟಸಹಿತವಾದ ಸಂಕೋಚನ ಎಲ್ಲಿದೆ? ಹುಡುಕುವಾಗ ಇದು ಇನ್ನೂ ಕಾಡುತ್ತದೆ. ಪು.ತಿ.ನ. ಅವರನ್ನು ಮೂರು ಬಿಡಿ ಅಕ್ಷರಗಳಾಗಿ, ಕೂಡಿಸಿ, ಹ ಸೇರಿಸಿ, ಹ ಬಿಟ್ಟು, ಪಿ.ಟಿ. ನರಸಿಂಹಾಚಾರ್ ಎಂದು ಇಂಗ್ಲಿಷಿನ ಕ್ರಮದಲ್ಲಿ, ಇಷ್ಟು ಬಗೆಯಾಗಿ ಹುಡುಕಬೇಕು. ಕುವೆಂಪು ಒಂದೆಡೆ, ಕೆ.ವಿ. ಪುಟ್ಟಪ್ಪ ಇನ್ನೊಂದೆಡೆ, ಬೇಂದ್ರೆ ಒಂದೆಡೆ, ಅಂಬಿಕಾತನಯದತ್ತ ಇನ್ನೊಂದೆಡೆ. ಯಂತ್ರಕ್ಕೆ ಇವರು ನಾಲ್ವರು ಬೇರೆಬೇರೆ ಮನುಷ್ಯರು.

ಇದು ತಂತ್ರಜ್ಞಾನದ ಮಿತಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕನ್ನಡ ಲಿಪಿ 1991ರ ಮೊದಲ ಯೂನಿಕೋಡ್‌ನಲ್ಲೇ ಇತ್ತು. ಫ್ಲ್ಯಾಕ್ ಕಡತದೊಳಗಿನ ವಿವರಗಳನ್ನು ಬರೆಯುವುದೇ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ, ಬೇಕಾದಷ್ಟು ಅಂಕಣಗಳನ್ನು ಅದರಲ್ಲಿ ತೆರೆಯಬಹುದು. ‘ದ.ರಾ. ಬೇಂದ್ರೆ’ ಎಂದು ಬರೆಯಲು ಅಲ್ಲಿ ಬೇಕಾಗುವುದು 33 ಬೈಟ್. ಕನ್ನಡದ ಒಂದೊಂದು ಚಿಹ್ನೆಗೆ ಮೂರರಂತೆ ನಾನೇ ಎಣಿಸಿ ನೋಡಿದ್ದೇನೆ. 25 ಎಂ.ಬಿ.ಯ ಹಾಡೊಂದರಲ್ಲಿ ಆ ಹೆಸರನ್ನು ಏಳೂವರೆ ಲಕ್ಷ ಸಲ ಬರೆಯಬಹುದು. ಒಂದು ಸಲ ಬರೆಯಲು ಮಾತ್ರ ಜಾಗವಿಲ್ಲ. ನಾನು ಕಡತಗಳ ನಡುವೆ ಬದುಕುವವನು. ಸರ್ಕಾರಿ ಕಚೇರಿಯಲ್ಲಿ ಸಂಖ್ಯೆ, ವಿಷಯ, ಪುಟಾಂಕವಿಲ್ಲದ ಕಡತದ ಒಳಗಿನ ಕಾಗದ ಎಷ್ಟೇ ಗರಿಗರಿಯಾಗಿದ್ದರೂ ಅದು ಕಳೆದುಹೋದದ್ದೇ ಸರಿ.

ನಮ್ಮ ಹಿರಿಯರು ಈ ಅಪಾಯವನ್ನು ಚೆನ್ನಾಗಿ ಬಲ್ಲವರಾಗಿದ್ದರು. ವಚನಕಾರರ, ಹರಿದಾಸರ ಅಂಕಿತವನ್ನು ನಾವು ಭಕ್ತಿಯ ಮುದ್ರೆಯೆಂದಷ್ಟೇ ಓದುತ್ತೇವೆ. ಅದು ಭಕ್ತಿಯ ಮುದ್ರೆ ಹೌದು, ಜೊತೆಗೆ ಅದೊಂದು ಭದ್ರವಾದ ವ್ಯವಸ್ಥೆ. ಕೂಡಲಸಂಗಮದೇವ, ಪುರಂದರವಿಠಲ, ಕಾಗಿನೆಲೆಯಾದಿಕೇಶವ, ಶಿಶುನಾಳಧೀಶ: ಇವು ಹಾಡಿನ ಹೊರಗೆ ಅಂಟಿಸಿದ ಚೀಟಿಗಳಲ್ಲ, ಹಾಡಿನ ಒಳಗೇ ನೇಯ್ದ ಎಳೆಗಳು. ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಸಾಗುವಾಗ ಪದ ಬದಲಾಗಬಹುದು, ಸಾಲು ಬಿಟ್ಟುಹೋಗಬಹುದು, ರಾಗವಂತೂ ಬದಲಾಗಿಯೇ ಇದೆ; ಅಂಕಿತ ಉಳಿಯಿತು. ಹಾಡಿನಿಂದ ಹೆಸರನ್ನು ಕೀಳಬೇಕಾದರೆ ಹಾಡನ್ನೇ ಮುರಿಯಬೇಕಿತ್ತು.

ಧ್ವನಿಮುದ್ರಣದ ಆರಂಭದಲ್ಲೂ ಇದೇ ವಿವೇಕ ಕಾಣುತ್ತದೆ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಕಂಠವನ್ನು ಮುದ್ರಿಸಿಕೊಂಡರು. ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಕೂಗಿ ಹೇಳುವುದು ಆ ತಟ್ಟೆಗಳಲ್ಲಿ ಇಂದಿಗೂ ಕೇಳುತ್ತದೆ. ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಲು ಆ ಕೂಗು ಬೇಕಾಗಿತ್ತು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಮೂರು ನಿಮಿಷದ ತಟ್ಟೆ, ಮೈಕ್ರೊಫೋನೇ ಇಲ್ಲದ ಕಾಲದ ತುತ್ತೂರಿಯ ಮುದ್ರಣ, ಕರಕರ ಸದ್ದು. ಧ್ವನಿಯ ಲೆಕ್ಕದಲ್ಲಿ ನಷ್ಟದ ಪರಾಕಾಷ್ಠೆ. ಹೆಸರು ಮಾತ್ರ ಕಳೆದಿಲ್ಲ.

ಆಕಾಶವಾಣಿಯ ಮಾತೂ ಹಾಗೆಯೇ. ನನ್ನ ಬಾಲ್ಯ ಕಳೆದದ್ದು ರಾಯಚೂರಿನಲ್ಲಿ. ರಾತ್ರಿ ಮಧ್ಯಮ ತರಂಗಗಳು ದೂರ ಸಾಗುವುದರಿಂದ ಹಗಲಿನಲ್ಲಿ ಸಿಗದ ಕೇಂದ್ರಗಳೂ ಆಗ ಸಿಗುತ್ತಿದ್ದವು. ಮಧ್ಯಮ ತರಂಗದಲ್ಲಿ ಒಂದು ಕೇಂದ್ರಕ್ಕೂ ಪಕ್ಕದ್ದಕ್ಕೂ 9 ಕಿಲೋಹರ್ಟ್ಸ್ ಅಂತರ. ಸುಮಾರು 5 ಕಿಲೋಹರ್ಟ್ಸ್‌ಗಿಂತ ಮೇಲಿನದು ನಮಗೆ ತಲುಪುತ್ತಲೇ ಇರಲಿಲ್ಲ. ಇಂದಿನ ಶ್ರವಣಪ್ರಿಯರು ಇದನ್ನು ಸಂಗೀತವೆಂದೇ ಒಪ್ಪಲಾರರು. ಆದರೆ ಸುಗಮ ಸಂಗೀತದ ಕಾರ್ಯಕ್ರಮದಲ್ಲಿ ಪ್ರತಿ ಹಾಡಿನ ಮುಂಚೆ ಉದ್ಘೋಷಕಿ ರಚನೆ ಯಾರದು, ರಾಗಸಂಯೋಜನೆ ಯಾರದು, ಹಾಡಿದವರು ಯಾರು ಎಂದು ಇದೇ ಕ್ರಮದಲ್ಲಿ, ಕವಿಯನ್ನು ಮೊದಲಿಟ್ಟು, ಳ ಮತ್ತು ಣಗಳನ್ನು ಸ್ಪಷ್ಟವಾಗಿ ಉಚ್ಚರಿಸಿ ಹೇಳುತ್ತಿದ್ದರು. ಕವಿಗಳ ಪುಸ್ತಕ ನಮ್ಮ ಮನೆಯಲ್ಲಿ ಹೆಚ್ಚಿರಲಿಲ್ಲ. ಕವಿಗಳ ಹೆಸರು ನಮಗೆ ಬಾಯಿಪಾಠವಾದದ್ದು ಆ ಘೋಷಣೆಗಳಿಂದ. ಧ್ವನಿಯ ನಾಲ್ಕನೆಯ ಒಂದು ಪಾಲನ್ನಷ್ಟೇ ಕೊಡುತ್ತಿದ್ದ ಪೆಟ್ಟಿಗೆ ಹಾಡನ್ನು ಪೂರ್ತಿಯಾಗಿ ಕೊಡುತ್ತಿತ್ತು.

1978ರ ‘ನಿತ್ಯೋತ್ಸವ’, ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಹೆಸರಾದದ್ದು, ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ್ದು. ಅದರ ಹೆಸರೇ ಕವಿಯ ಸಂಕಲನದ ಹೆಸರು. ಕನ್ನಡದಲ್ಲಿ ಈ ಪ್ರಕಾರ ಹುಟ್ಟಿದ್ದೇ ಹೀಗೆ, ಕವಿಯ ಪುಸ್ತಕದ ಇನ್ನೊಂದು ಮುದ್ರಣವಾಗಿ. ಸುರುಳಿಯ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯೊಂದಿರುತ್ತಿತ್ತು. ಅದರಲ್ಲಿ ಸಣ್ಣ ಅಕ್ಷರಗಳಲ್ಲಿ, ಕನ್ನಡದಲ್ಲಿ, ಕವಿ, ಗಾಯಕ, ಕೆಲವೊಮ್ಮೆ ವಾದ್ಯದವರ ಹೆಸರುಗಳು. ಸುರುಳಿಯಿಂದ ಧ್ವನಿಯನ್ನು ಎತ್ತಿಕೊಂಡವರು ಆ ಚೀಟಿಯನ್ನು ಡಬ್ಬಿಯಲ್ಲೇ ಬಿಟ್ಟುಬಂದರು.

ಕಾನೂನು ಏನು ಹೇಳುತ್ತದೆ? ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ಎ ಕಲಮಿನ ಪ್ರಕಾರ ಧ್ವನಿಮುದ್ರಿಕೆಯ ಮೇಲೆ ಇರಲೇಬೇಕಾದ ವಿವರಗಳು: ಮುದ್ರಿಸಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ. ಕವಿಯ ಹೆಸರನ್ನು ಆ ಕಲಂ ಕೇಳುವುದೇ ಇಲ್ಲ! ಆದರೆ 57ನೆಯ ಕಲಂ, ಹಕ್ಕುಗಳನ್ನೆಲ್ಲ ಬರೆದುಕೊಟ್ಟ ಮೇಲೂ, ಕೃತಿಯ ಕರ್ತೃ ತಾನೆಂದು ಸಾಧಿಸುವ ಅಧಿಕಾರವನ್ನು ಕರ್ತೃವಿಗೆ ಉಳಿಸಿದೆ. 2012ರ ತಿದ್ದುಪಡಿಯಂತೂ ಗೀತರಚನಕಾರರಿಗೂ ಸಂಗೀತ ಸಂಯೋಜಕರಿಗೂ ಗೌರವಧನದ ಪಾಲನ್ನು ಬಿಟ್ಟುಕೊಡಲಾಗದ ಹಕ್ಕಾಗಿ ಮಾಡಿತು. ಕವಿ ತೀರಿಕೊಂಡು 60 ವರ್ಷ ಈ ರಕ್ಷಣೆ ಇರುತ್ತದೆ. 1981ರಲ್ಲಿ ಅಗಲಿದ ಬೇಂದ್ರೆಯವರ ಲೆಕ್ಕಕ್ಕೆ 2041ರ ಕೊನೆಯವರೆಗೆ. ಹಾಡಿನ ವಿವರದಲ್ಲಿ ಹೆಸರೇ ಇಲ್ಲದವರಿಗೆ ಪಾಲು ಹೇಗೆ ತಲುಪುತ್ತದೆ, ತಲುಪಿದರೂ ಯಾವ ಹಾಡಿಗೆಂದು ತಲುಪುತ್ತದೆ ಎಂದು ಕೇಳುವ ಅಧಿಕಾರ ಕವಿಗಳ ಕುಟುಂಬಗಳಿಗಿದೆ. ಅವರ ಪರವಾಗಿ ದನಿಯೆತ್ತಬೇಕಾದವರು ಓದುಗರು.

ಸೇವೆಗಳದ್ದೇನು ತಪ್ಪು, ಧ್ವನಿ ಕಂಪನಿಗಳು ಕಳಿಸಿದ್ದನ್ನು ಅವರು ತೋರಿಸುತ್ತಾರೆ ಎಂಬ ಸಮಜಾಯಿಷಿ ಇದೆ. ಅರ್ಧ ನಿಜ. ಇನ್ನರ್ಧಕ್ಕೆ ಉತ್ತರ ಆಪಲ್ ಕಂಪನಿಯ ನಡವಳಿಕೆಯಲ್ಲೇ ಇದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಕೃತಿಕಾರ ಬೇರೆ, ನಿರ್ದೇಶಕ ಬೇರೆ, ವಾದಕ ಬೇರೆ. ‘ಕಲಾವಿದ’ ಎಂಬ ಒಂದೇ ಅಂಕಣದಲ್ಲಿ ಬೀಥೋವನ್‌ನನ್ನು ಹುಡುಕುವುದು ಅಸಾಧ್ಯವೆಂದು ಅಲ್ಲಿಯ ಕೇಳುಗರು ವರ್ಷಾನುಗಟ್ಟಲೆ ಕೂಗಾಡಿದರು. ಆಪಲ್ 2021ರಲ್ಲಿ ಪ್ರೈಮ್‌ಫೋನಿಕ್ ಎಂಬ ಸಂಸ್ಥೆಯನ್ನೇ ಕೊಂಡು, 2023ರ ಮಾರ್ಚಿನಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ ಪ್ರತ್ಯೇಕ ಆ್ಯಪ್ ತಂದಿತು. ಕೃತಿಕಾರನ ಹೆಸರಿಗಾಗಿ ಒಂದು ಆ್ಯಪನ್ನೇ ಕಟ್ಟಬಲ್ಲವರಿಗೆ ಕವಿಗೊಂದು ಅಂಕಣ ತುಂಬಿಸಿಕೊಳ್ಳುವುದು ಆಗದ ಕೆಲಸವಲ್ಲ. ಅವರು ಕೇಳಿದರು, ನಾವು ಕೇಳಿಲ್ಲ. ನಾವು ಕಿಲೋಬಿಟ್ ಎಣಿಸುತ್ತ ಕುಳಿತಿದ್ದೇವೆ.

ಹಾಗಾದರೆ ಚಂದಾ ಯಾವುದಕ್ಕೆ ಕಟ್ಟಬೇಕು? ಒಂದು ತಿಂಗಳ ಮಟ್ಟಿಗೆ ಪರೀಕ್ಷೆಗಿಟ್ಟು ನೋಡಿ. ಹುಡುಕುವ ಪಟ್ಟಿಯಲ್ಲಿ ಕನ್ನಡ ಲಿಪಿಯಲ್ಲೇ ಬರೆದು ನೋಡಿ. ಹಾಡು ಸಿಗದಿದ್ದರೆ ಆ ಸೇವೆಗೆ ಕನ್ನಡ ಓದಲು ಬರುವುದಿಲ್ಲ. ಹತ್ತು ಭಾವಗೀತೆಗಳ ವಿವರ ತೆರೆದು ಎಷ್ಟರಲ್ಲಿ ಕವಿಯ ಹೆಸರಿದೆ ಎಂದು ಎಣಿಸಿ. ಮೂಲ ಮುದ್ರಣ ಮೇಲೆ ಬರುತ್ತದೆಯೋ, ಅದರ ಹೆಸರಿನಲ್ಲಿ ಆಮೇಲೆ ಯಾರೋ ಹಾಡಿದ್ದು ಬರುತ್ತದೆಯೋ ನೋಡಿ. ಹೈದರಾಬಾದಿನಲ್ಲಿ ಇನ್ನೊಂದು ಪರೀಕ್ಷೆಯೂ ಅಗತ್ಯ: ಪಿ.ಬಿ. ಶ್ರೀನಿವಾಸ್ ಅಥವಾ ಎಸ್. ಜಾನಕಿ ಎಂದೊಡನೆ ನೀವಿರುವ ಊರನ್ನು ನೋಡಿ ತೆಲುಗಿನ ಹಾಡುಗಳನ್ನೇ ಸುರಿಯುವ ಸೇವೆಗೆ, ಕನ್ನಡದ ಹಾಡುಗಳನ್ನಷ್ಟೇ ಕೊಡು ಎಂದು ಹೇಳುವ ದಾರಿ ಇದೆಯೇ? ತೆಲುಗಿನ ಮೇಲೆ ನನಗೆ ಮುನಿಸಿಲ್ಲ, ಘಂಟಸಾಲ ಅವರನ್ನು ಕೇಳದ ಭಾನುವಾರ ನಮ್ಮ ಮನೆಯಲ್ಲಿಲ್ಲ. ಆದರೆ ಕೇಳಿದ್ದನ್ನು ಕೊಡುವುದು ಅಂಗಡಿಯ ಮೊದಲ ಧರ್ಮ. ಇಷ್ಟಾದ ಮೇಲೆ ಧ್ವನಿಯ ಗುಣಮಟ್ಟವನ್ನು ನೋಡಿ, 320 ಕಿಲೋಬಿಟ್ ಸಿಕ್ಕರೆ ಮೆಟ್ರೊಗೆ ಧಾರಾಳವಾಯಿತು. ಮನೆಯಲ್ಲಿ ತಂತಿಯ ಹೆಡ್‌ಫೋನ್, ಬಿಡುವಿನ ಸಂಜೆ, ಮನಸೂರರ ಒಂದು ಗಂಟೆ ಇವೆಲ್ಲ ಒದಗುವವರು ನಷ್ಟರಹಿತಕ್ಕೆ ಹೋಗಲಿ.

ಏನನ್ನೇ ಆರಿಸಿದರೂ ಅದನ್ನು ಸಂಗ್ರಹವೆಂದು ತಿಳಿಯಬಾರದು. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಬಾಗಿಲು ಹಾಕಿತು, 2024ರಲ್ಲಿ ರೆಸ್ಸೊ ಮತ್ತು ವಿಂಕ್ ಎರಡೂ ನಿಂತವು. ಚಂದಾ ಕಟ್ಟುವವರು ಬಾಡಿಗೆದಾರರು. ನಮ್ಮದೆಂದು ಉಳಿಯುವುದು ಕಪಾಟಿನ ಹಳೆಯ ಡಬ್ಬಿಗಳಲ್ಲಿದೆ, ಅದರಲ್ಲೂ ಯಾರೂ ಲೆಕ್ಕಕ್ಕಿಡದ ಆ ಮಡಚಿದ ಚೀಟಿಗಳಲ್ಲಿದೆ. ಆದ್ದರಿಂದ ಬಳಗದ ಮುಂದೆ ಒಂದು ಸೂಚನೆ ಇಡುತ್ತಿದ್ದೇನೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಸುತ್ತಮುತ್ತ, ಮೆಹದಿಪಟ್ಟಣದಲ್ಲಿ, ಸಿಕಂದರಾಬಾದಿನಲ್ಲಿ ಮೂರು ತಲೆಮಾರಿನಿಂದ ನೆಲೆಸಿದ ಕನ್ನಡದ ಮನೆಗಳಿವೆ. ಅಟ್ಟದ ಮೇಲಿನ ಸುರುಳಿಗಳನ್ನು ಕೇಳುವ ಯಂತ್ರ ಈಗ ಯಾರಲ್ಲೂ ಇಲ್ಲ, ಚೀಟಿ ಓದಲು ಯಂತ್ರ ಬೇಕಿಲ್ಲ. ಮುಂದಿನ ಸಭೆಗೆ ಬರುವವರು ಸುರುಳಿ ತರದಿದ್ದರೂ ಅದರ ಚೀಟಿ ತನ್ನಿ. ಹಾಡು, ಕವಿ, ರಾಗ, ಕಂಠ ಎಂಬ ನಾಲ್ಕು ಅಂಕಣಗಳ ಪಟ್ಟಿಯನ್ನು ಕನ್ನಡ ಲಿಪಿಯಲ್ಲಿ ತುಂಬಿ, ತಪ್ಪಿರುವ ಪ್ರತಿ ಹಾಡಿಗೂ ಸಂಬಂಧಪಟ್ಟ ಧ್ವನಿ ಕಂಪನಿಗೆ ಒಂದೊಂದು ಪತ್ರ ಬರೆಯೋಣ, ಪ್ರತಿಯನ್ನು ಸಂಗೀತ ಸೇವೆಗೂ ಕಳಿಸೋಣ. ಉತ್ತರ ಬಾರದಿದ್ದರೆ ಜ್ಞಾಪನಪತ್ರ ಬರೆಯುವುದು ನನಗೆ ಚೆನ್ನಾಗಿ ಗೊತ್ತು, ಅದು ನನ್ನ ಉದ್ಯೋಗ. ಸ್ಕ್ಯಾನರ್ ನಾನು ತರುತ್ತೇನೆ.